ಅಕ್ಕಿಕಾಳಿನ ತೂಕ

ಮೊದಲ ದಿನ ನೀನು ಬಂದಾಗ, ತಸ್ಕೀನ್,
ಕೈಯಲ್ಲಿ ಏಡಿಯ ಕೊಂಡಿಯಂಥ ಮೀಟರು.
ದುಪಟ್ಟಾದ ಮೇಲೆ ಹತ್ತಿಯ ಧೂಳು ಕೂರುವ ಮೊದಲೇ ಕೇಳಿದೆ,
‘ಮುಖೀಂ ಚಾಚಾ, ಈ ಮಗ್ಗ ಎಷ್ಟು ತಿನ್ನುತ್ತದೆ?’
ಕೇಳಿಸಲಿಲ್ಲ. ಇಪ್ಪತ್ತನಾಲ್ಕು ಮಗ್ಗ ಬಡಿಯುವ ಶೆಡ್ಡು;
ನಾವು ಮದುವೆಯ ಮಾತುಕತೆಯನ್ನೂ ತುಟಿ ಓದಿಯೇ ಮುಗಿಸುವವರು.
ನಿನ್ನ ತುಟಿ ಓದಿದೆ. ನಕ್ಕೆ.
ತಿನ್ನುವುದಿಲ್ಲ ಮಗಳೇ, ನೇಯುತ್ತದೆ.

ನಲವತ್ತೊಂದು ವರ್ಷ ಮಾಲೆಗಾಂವಿನಲ್ಲಿ ಜಾಬರ್ ನಾನು.
ಮೋಸಮ್ ನದಿಯ ಈ ದಡ, ಆ ದಡ,
ಯಾವ ಮಗ್ಗ ಕೆಮ್ಮಿದರೂ ಗೋಡೆಯಾಚೆಯಿಂದ ಹೇಳುತ್ತಿದ್ದೆ:
ಪಟ್ಟಿ ಬಿಗಿಯಾಗಿದೆ, ಬುಶ್ ಸವೆದಿದೆ,
ಬೆಲ್ಟು ಜಾರುತ್ತಿದೆ, ಯಾರೋ ರಾಳ ಬಳಿದು ಸುಮ್ಮನಾಗಿದ್ದಾರೆ.
ಬಾಗಿಲ ಬಳಿಯ ಮೀಟರು ಮಾತ್ರ ಮೂಗ.
ಅದರ ಮಾತನ್ನು ತಿಂಗಳಿಗೊಮ್ಮೆ
ಬಾರಿ ಸೇಠರ ಮುಖದಲ್ಲಿ ಓದುತ್ತಿದ್ದೆವು.

ನೀನು ಕಿರಾಣಿಯಿಂದ ತಕ್ಕಡಿ ತರಿಸಿದೆ.
ಲಾಳಿಯನ್ನಿಟ್ಟೆ: ನಾನ್ನೂರ ಹತ್ತು ಗ್ರಾಂ.
ಒಂದು ಸಲ ಹಾಯುವಾಗ ಅದು ಬಿಟ್ಟುಹೋಗುವ
ಹೊಕ್ಕಿನ ಒಂದೇ ಎಳೆ ಕತ್ತರಿಸಿ ಇಟ್ಟೆ.
ಮುಳ್ಳು ಅಲುಗಲಿಲ್ಲ.
ಸರಾಫನ ತಕ್ಕಡಿ ಬಂತು, ಅವನ ಅಳಿಯನೂ ಜೊತೆಗೆ ಬಂದ,
ಬಂಗಾರವಲ್ಲ ನೂಲು ಎಂದು ತಿಳಿದು ಬೇಸರಪಟ್ಟ.
ನೂರು ಎಳೆ ತೂಗಿ, ಭಾಗಿಸಿ, ಹೇಳಿದೆ:
ಒಂದು ಎಳೆ ಅಂದರೆ ಒಂದು ಅಕ್ಕಿಕಾಳು.

‘ಒಂದು ಅಕ್ಕಿಕಾಳನ್ನು ಆಚೆ ದಾಟಿಸಲು, ಚಾಚಾ,
ಅರ್ಧ ಕಿಲೋದಷ್ಟು ಮರವನ್ನು ಎಸೆಯುತ್ತೀರಿ,
ನಿಮಿಷಕ್ಕೆ ನೂರೈವತ್ತು ಸಲ.
ಎಸೆದದ್ದನ್ನು ಬಡಿದು ನಿಲ್ಲಿಸುತ್ತೀರಿ.
ಬಿಲ್ಲು ನೇಯ್ದದ್ದಕ್ಕಲ್ಲ. ಬಡಿದದ್ದಕ್ಕೆ.’

ಆ ರಾತ್ರಿ ಊಟದ ತಟ್ಟೆಯೆದುರು ಕೈ ನಿಂತಿತು.
ಹೆಂಡತಿ ಅನ್ನದಲ್ಲಿ ಕಲ್ಲಿದೆಯೇ ಅಂದಳು.

ಮರುದಿನ ಲಾಳಿಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ.
ಬಿಸಿ. ಆ ಬಿಸಿ ನನಗೆ ಹಳೆಯ ಪರಿಚಯ;
ಚಳಿಗಾಲದ ಪಾಳಿಯಲ್ಲಿ ಅಲ್ಲೇ ಬೆರಳು ಕಾಯಿಸಿಕೊಂಡಿದ್ದೇನೆ.
ಅದಕ್ಕೆ ದುಡ್ಡು ಹೋಗುತ್ತಿತ್ತೆಂದು ಗೊತ್ತಿರಲಿಲ್ಲ.

ಏಳು ಸಲ ಸುತ್ತಿಸಿದ ಮೋಟರನ್ನು ಇಳಿಸಿದೆವು,
ಅರ್ಧ ಹಾರ್ಸ್‌ಪವರಿನ ಹೊಸದನ್ನು ಕೂರಿಸಿದೆವು.
ಪಟ್ಟಿಯನ್ನು ಎರಡು ನೂಲು ಸಡಿಲಿಸಿದೆ,
ಹೊಡೆತ ಮೆತ್ತಗಾಯಿತು, ಆದರೂ ಲಾಳಿ ಮನೆ ಸೇರಿತು.
ಹಾಸಿನ ಎಳೆ ಕಡಿದು ಮಗ್ಗ ನಿಂತರೆ ಮೋಟರೂ ನಿಲ್ಲಬೇಕೆಂದೆ;
ನೇಕಾರ ಅಕೀಲ್ ಗಂಟು ಹಾಕುವಷ್ಟು ಹೊತ್ತು
ಅದೊಂದು ಬರಿದೇ ತಿರುಗುತ್ತಿತ್ತು, ಎತ್ತಿಲ್ಲದ ಗಾಣದ ಹಾಗೆ.
ತಿಂಗಳ ಕೊನೆಗೆ ಮಗ್ಗಕ್ಕೆ ದಿನಕ್ಕೆ ಎರಡೂವರೆ ಯೂನಿಟ್ಟು ಉಳಿಕೆ.
ಅದಕ್ಕಿಂತ, ಶೆಡ್ಡಿನಲ್ಲಿ ಒಂದು ದಿನ
ಅಕೀಲ್ ಕೆಮ್ಮಿದ್ದು ನನಗೆ ಕೇಳಿಸಿತು.

ಸೇಠರು ಮಿಠಾಯಿ ಹಂಚಿದರು.
ಮುಂದಿನ ವಾರ ನಾಲ್ಕು ಹಳೆಯ ಮಗ್ಗ ಟೆಂಪೋದಲ್ಲಿ ಬಂದಿಳಿದವು.
‘ಉಳಿದ ಕರೆಂಟು ಸುಮ್ಮನೆ ಯಾಕೆ?’
ಬಿಲ್ಲು ಎಲ್ಲಿತ್ತೋ ಅಲ್ಲೇ ಬಂದು ಕೂತಿದೆ.
ಆರು ಮಗ್ಗ ನೋಡುತ್ತಿದ್ದ ಅಕೀಲ್ ಈಗ ಎಂಟು ನೋಡುತ್ತಾನೆ,
ಅವನಿಗೆ ಕೆಮ್ಮಲೂ ಪುರಸೊತ್ತಿಲ್ಲ.
ಅವನು ಎಷ್ಟು ತಿನ್ನುತ್ತಾನೆಂದು ಯಾರೂ ಮೀಟರು ಹಿಡಿದಿಲ್ಲ.

ನಿನ್ನ ಮುಖ ಅಂದು ಬಾಡಿತು, ನೋಡಿದೆ.

ನಿನ್ನೆ ಶುಕ್ರವಾರ, ಶೆಡ್ಡು ಖಾಲಿ.
ಮಗ್ಗದ ಚಕ್ರವನ್ನು ಕೈಯಿಂದಲೇ ತಿರುಗಿಸಿದೆ.
ಹಾಸು ಬಾಯಿ ತೆರೆಯಿತು, ಲಾಳಿ ಎರಡು ಗೇಣು ಸರಿದು
ನಡುವೆಯೇ ನಿಂತಿತು; ಮೆಲ್ಲಗೆ ಹೋಗಲು ಅದಕ್ಕೆ ಬಾರದು.
ಬೆರಳಲ್ಲಿ ಹಿಡಿದು ಆಚೆ ದಡ ಮುಟ್ಟಿಸಿದೆ.
ಒಂದು ಅಕ್ಕಿಕಾಳು ದಾಟಿತು, ಸದ್ದಿಲ್ಲದೆ, ಯಾರ ಲೆಕ್ಕಕ್ಕೂ ಸಿಗದೆ.

ನಾಳೆ ಬಾ ತಸ್ಕೀನ್, ಮೀಟರು ತಾ.
ಹೊಸ ನಾಲ್ಕರಲ್ಲಿ ಮೂರನೆಯದರ ಪೆಟ್ಟಿಗೆ
ಆಗಲೇ ಬಿಸಿ.